ಒಂದೇ ಹೆಸರಿನ ಮೂರು

ಬ್ರೂಸ್‌ಪೇಟೆಯ ಹೊನ್ನೂರವಲಿ ಅಂಗಡಿಯಲ್ಲಿ
ಬಿಚ್ಚಿಟ್ಟ ಹಾರ್ಮೋನಿಯಂ ತಿದಿಗಳ ಕೆಳಗೆ
ಗೋಣಿತಾಟಿನ ಮೇಲೆ ಮಲಗಿದ್ದವು ಮೂರು ಗಿಟಾರು.
ಮೂರರ ತಲೆಯ ಮೇಲೂ ಒಂದೇ ಜಪಾನಿ ಹೆಸರು,
ಅದೇ ಓರೆ ಅಕ್ಷರ, ಅದೇ ಬೆಳ್ಳಿ ಬಣ್ಣ.
ಬೆಲೆ ಕೇಳಿದೆ.
ಒಂದು ನನ್ನ ಎರಡು ತಿಂಗಳ ಸಂಬಳ,
ಇನ್ನೊಂದು ಆರು ತಿಂಗಳದು.
ಮೂರನೆಯದಕ್ಕೆ ಆತ ಸೂರು ನೋಡಿದ.

ಹೆಸರಿನ ಮೇಲೆ ನನಗೆ ನಂಬಿಕೆ ಕಮ್ಮಿ.
ಹನ್ನೊಂದು ವರ್ಷದಿಂದ ಜೀನ್ಸ್ ಯೂನಿಟ್ಟಿನಲ್ಲಿ
ಸೊಂಟದ ಹಿಂದೆ ಚರ್ಮದ ಪಟ್ಟಿ ಹೊಲಿಯುವವಳು.
ಒಂದೇ ತಾನಿನ ಬಟ್ಟೆ, ಒಂದೇ ಕತ್ತರಿ,
ಬೆಳಿಗ್ಗೆ ಒಂದು ಹೆಸರು, ಊಟದ ಮೇಲೆ ಇನ್ನೊಂದು;
ನಾನು ಕೈ ತೊಳೆದು ಬರುವಷ್ಟರಲ್ಲಿ
ಪ್ಯಾಂಟು ಐನೂರು ರೂಪಾಯಿ ಏರಿರುತ್ತದೆ.
ಹಾಗಂತ ಎಲ್ಲಾ ಒಂದೇ ಅಂದರೆ ಅದೂ ಸುಳ್ಳು.
ತಿರುವಿ ನೋಡಬೇಕು:
ಜೇಬಿನ ಒಳಚೀಲ ಯಾವ ಬಟ್ಟೆ,
ನಾಲ್ಕು ಹೊಲಿಗೆ ಕೂಡುವಲ್ಲಿ ದಾರ ಒಂಟಿಯೋ ಜೋಡಿಯೋ.
ಕಳ್ಳತನ ಶುರುವಾಗುವುದು ಕಾಣದ ಮಗ್ಗುಲಲ್ಲೇ.

"ಹಂಗಾದ್ರೆ ಇವನ್ನೂ ತಿರುವು, ಎರ್ರೆಮ್ಮ" ಅಂದ.
ಮೂರರ ತಲೆಗೂ ಟವೆಲ್ಲು ಸುತ್ತಿದ,
ಬಾಣಂತಿಯ ಕಿವಿಗೆ ಗಾಳಿ ತಾಗದಂತೆ ಬಿಗಿಯಾಗಿ.

ಮೊದಲನೆಯದರ ಕತ್ತಿನ ಅಂಚಿಗೆ ಹೆಬ್ಬೆರಳು ಜಾರಿಸಿದೆ.
ಕಚ್ಚಿತು.
ಮೆಟ್ಟುಗಳ ತುದಿಗೆ ಯಾರೂ ಅರ ಹಾಕಿಲ್ಲ,
ಕತ್ತರಿಸದೆ ಬಿಟ್ಟ ದಾರದ ಬಾಲ ಹೊರಚಾಚಿದ ಹಾಗೆ.
ಗುಬ್ಬಿ ತಿರುಗಿಸಿದರೆ ಒಳಗೆ ಕರಕರ.
ಎರಡನೆಯದು ನುಣುಪು, ತೂಕ ಹದ,
ದೂರಲು ಏನೂ ಸಿಗದೆ ತುಸು ಬೇಸರವಾಯಿತು.
ಮೂರನೆಯದು
ಕೈಯಲ್ಲಿರುವುದೇ ಮರೆತುಹೋಯಿತು,
ಅಳತೆಗೆ ಹೊಲಿದ ಕುಪ್ಪಸ ಮರೆಯುವ ಹಾಗೆ.
ಕತ್ತಿನ ನಡುಮೆಟ್ಟಿನಲ್ಲಿ ಒತ್ತಿ ಮೀಟಿದೆ, ಬಿಟ್ಟು ಮೀಟಿದೆ:
ಮೇಲೊಂದು ಕೆಳಗೊಂದು, ಅದೇ ಸ್ವರ,
ನಡುವೆ ಕೂದಲೂ ಹೋಗದು.

"ಅದೊಂದೇ ಆ ದೇಶದಾಗ ಹುಟ್ಟಿದ್ದು,
ಉಳಿದವು ಬ್ಯಾರೆ ಕಡೆಯವು, ಹೆಸರಷ್ಟೇ ದತ್ತು.
ಆದ್ರೂ ತವರು ಕೇಳಿ ತೀರ್ಪು ಕೊಡಬ್ಯಾಡ.
ಕಂಪ್ಲಿ ಎಬಿನೇಜರ ಇಂಥದ್ದೇ ದುಬಾರಿದು ತಂದಿದ್ದ,
ಏಪ್ರಿಲ್ ಮಧ್ಯಾಹ್ನ ಕಾರಿನ ಡಿಕ್ಕಿಯಾಗ ಮರೆತ.
ಸಂಜಿಗೆ ಕತ್ತು ಬಿಲ್ಲಾಗಿತ್ತು.
ಬಳ್ಳಾರಿ ಬಿಸಿಲು ಅಂಗಡಿ ಬಿಲ್ಲು ಓದಂಗಿಲ್ಲ."

ಆಂಪ್ಲಿಫೈಯರಿಗೆ ಸಿಕ್ಕಿಸಿ ಒಂದೊಂದಾಗಿ ಬಾರಿಸಿದ.
ಗದ್ದಲದಲ್ಲಿ ಮೂರೂ ಹುಲಿಗಳೇ.
ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಂತ ಕತ್ತಲಲ್ಲಿ
ಬರೀ ಕಟ್ಟಿಗೆ, ಬರೀ ತಂತಿ.
ಪಕ್ಕೆಲುಬಿಗೆ ಒತ್ತಿ ಹಿಡಿದು ಮತ್ತೆ ಮೀಟಿದೆ.
ಮೂರನೆಯದು ಹೊಟ್ಟೆಯಿಂದ ನಡುಗಿತು,
ನಿಂತ ಮೇಲೂ ನನ್ನೊಳಗೆ ಸ್ವಲ್ಪ ಹೊತ್ತು ಇತ್ತು.
ಎರಡನೆಯದು ಗಂಟಲಿಂದ.
ಮೊದಲನೆಯದು ಮೂಗಿನಿಂದ ಮಾತಾಡಿತು,
ನೆಗಡಿಯಾದ ಹುಡುಗಿ ಪಾಠ ಒಪ್ಪಿಸಿದಂತೆ,
ಆದರೆ ಒಂದಕ್ಷರವೂ ತಪ್ಪಲಿಲ್ಲ.

"ನಿಂಗ್ಯಾಕೆ ಇದು?" ಕತ್ತಲಲ್ಲೇ ಕೇಳಿದ.
ಮೂವತ್ತಾರು ಮಷೀನು ಒಟ್ಟಿಗೆ ಓಡುತ್ತವಲ್ಲ,
ಅದರ ಮೇಲೆ ಕೇಳಿಸುವಂಥದ್ದೊಂದು ಬೇಕು ಅಂದೆ.
ಆತ ನಗಲಿಲ್ಲ.

ಕರೆಂಟು ಬಂತು. ಟವೆಲ್ಲು ಬಿಚ್ಚಿದ.
ಮೂರರ ಕತ್ತಿನ ಮೇಲೂ ನನ್ನ ಹೆಬ್ಬೆರಳ ನೀಲಿ.
ಡೆನಿಮ್ಮಿನ ಬಣ್ಣ, ಸೋಪಿಗೆ ಜಗ್ಗದ್ದು,
ನನ್ನ ಚಪಾತಿ ಹಿಟ್ಟಿನಲ್ಲೂ ಕಾಣುವಂಥದ್ದು.
"ಅಯ್ಯೋ" ಅಂದೆ.
ಆತ ಒದ್ದೆ ಬಟ್ಟೆ ತಂದ.
ಮೂರನೆಯದಕ್ಕೆ ಗಾಜಿನಂಥ ಲೇಪ, ಒಂದೇ ಒರೆತ, ಹೋಯಿತು.
ಎರಡನೆಯದೂ ಸ್ವಲ್ಪ ಉಜ್ಜಿದಾಗ ಬಿಟ್ಟಿತು.
ಮೊದಲನೆಯದು,
ಲೇಪಕ್ಕೆ ಕಾಸು ಉಳಿಸಿದ ಆ ಬಡಕಲು ಕತ್ತು,
ಬಿಡಲಿಲ್ಲ.
ಕುಡಿದುಬಿಟ್ಟಿತ್ತು.

"ಇನ್ನ ಇದನ್ನ ಯಾರಿಗೂ ಮಾರಾಕಾಗಲ್ಲ" ಅಂತ
ಹೊನ್ನೂರವಲಿ ಡ್ರಾಯರಿನಿಂದ
ಸಣ್ಣ ಅರ ತೆಗೆದು ನನ್ನ ಕೈಗಿಟ್ಟ.
"ಮೆಟ್ಟಿನ ತುದಿ ನೀನೇ ಉಜ್ಜು.
ದಾರ ಕತ್ತರಿಸೋಳಿಗೆ ಹೇಳಿಕೊಡಬೇಕಾ?"